ಹೊಂಗೆಬೀಜ ಆರಿಸಿದವರು

ಹೊಂಗೆಯ ನೆರಳನ್ನು ತಾಯಿಯ ಮಡಿಲಿಗೆ ಹೋಲಿಸುವವರು ನಮ್ಮಲ್ಲಿ ಬಹಳ. ಅದರ ಬೀಜ ಆರಿಸಿದ ತಾಯಂದಿರ ಮಾತು ಮಾತ್ರ ಚರಿತ್ರೆಯಲ್ಲಿ ಅಷ್ಟಾಗಿ ಬರುವುದಿಲ್ಲ. ಹುಣಸೂರು ತಾಲ್ಲೂಕಿನ ನಮ್ಮ ಗುರುಪುರದ ಕಡೆ ಬೇಸಿಗೆಯಲ್ಲಿ ಹೊಲದ ಬದುಗಳಲ್ಲಿ ಉದುರಿದ ಕಾಯಿ ಆರಿಸಿ, ಬಡಿದು, ಬೀಜ ಬಿಡಿಸಿ ಗಾಣಕ್ಕೆ ಕಳಿಸುತ್ತಿದ್ದವರು ಹೆಂಗಸರೇ. ಎಣ್ಣೆ ದೀಪಕ್ಕೆ, ಹಿಂಡಿ ಗದ್ದೆಗೆ. ಕಹಿಯಾದ್ದರಿಂದ ಅಡುಗೆಗೆ ಬಾರದು. ಮನೆಗೆ ಸೀಮೆಎಣ್ಣೆ ಬಂದಮೇಲೆ ನಮ್ಮಜ್ಜಿಯ ಹೊಂಗೆಎಣ್ಣೆಯ ಕುಡಿಕೆ ಅಟ್ಟ ಸೇರಿತು.

ಅತ್ತ 1900ರಲ್ಲೇ, ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ, ರುಡಾಲ್ಫ್ ಡೀಸೆಲ್ ಕಂಡುಹಿಡಿದ ಬಗೆಯ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ನೆಲದಡಿಯ ಎಣ್ಣೆ ಅಗ್ಗವಾಗಿ ಸಿಕ್ಕಿತು. ಜಗತ್ತು ಇದನ್ನು ಬದಿಗಿಟ್ಟಿತು. 1937ರಲ್ಲಿ ಬೆಲ್ಜಿಯಂನ ಶಾವಾನ್ ಎಂಬುವರು ಸಸ್ಯದ ಎಣ್ಣೆಯನ್ನು ಮದ್ಯಸಾರದಿಂದ ಮಾರ್ಪಡಿಸಿ ಇಂಧನವಾಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ನಮ್ಮಲ್ಲಿ 1990ರ ದಶಕದ ಕೊನೆಯ ಹೊತ್ತಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆಎಣ್ಣೆಯಿಂದಲೇ ಡೀಸೆಲ್ ಎಂಜಿನ್ ಓಡಿಸಿ ತೋರಿಸಿದರು. 2007ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನ ತೆರೆಯಿತು.

ಮಾಡುವ ಬಗೆ ಹೀಗೆ: 100 ಲೀಟರ್ ಎಣ್ಣೆಗೆ ಸುಮಾರು 20 ಲೀಟರ್ ಮೆಥನಾಲ್, ತುಸು ಕ್ಷಾರ, 60 ಡಿಗ್ರಿಯ ಹದವಾದ ಕಾವು. ಕದಡಿ ಬಿಟ್ಟರೆ ಗ್ಲಿಸರಿನ್ ತಳಕ್ಕಿಳಿಯುತ್ತದೆ, ಡೀಸೆಲ್ ಮೇಲೆ ತೇಲುತ್ತದೆ. ಮೆಥನಾಲ್ ವಿಷ, ಬೆಂಕಿಗೂ ಆತುರ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಆಮೇಲೆ ಪರೀಕ್ಷೆ. ಹಸಿ ಎಣ್ಣೆ ಮಂದ. ಹಾಗೇ ಸುರಿದರೆ ಎಂಜಿನ್ನಿನಲ್ಲಿ ಮಸಿ ಕಟ್ಟುತ್ತದೆ. ಆದ್ದರಿಂದ ಎಷ್ಟು ತೆಳುವಾಗಿದೆ, ಎಷ್ಟು ಕಾವಿಗೆ ಕಿಡಿ ಹಿಡಿಯುತ್ತದೆ, ಹುಳಿ ಎಷ್ಟು ಉಳಿದಿದೆ ಎಂದು ಅಳೆಯುತ್ತಾರೆ. 2005ರ ಭಾರತೀಯ ಮಾನಕದ ಪ್ರಕಾರ 120 ಡಿಗ್ರಿಗೆ ಮೊದಲು ಕಿಡಿ ಹಿಡಿಯಬಾರದಿತ್ತು.

ಆದರೆ ಗುಣದ ಮೊದಲ ಪರೀಕ್ಷೆ ನಡೆಯುವುದು ಅಂಗಳದಲ್ಲಿ. ಬೀಜ ತೇವಕ್ಕೆ ಮುಗ್ಗಿದರೆ ಎಣ್ಣೆಯಲ್ಲಿ ಆಮ್ಲ ಏರುತ್ತದೆ. ಅದನ್ನು ಮೊದಲು ಇಳಿಸದೆ ಕ್ಷಾರ ಹಾಕಿದರೆ ಡೀಸೆಲ್ಲಿನ ಬದಲು ಸಾಬೂನು ಕಟ್ಟುತ್ತದೆ. ಮೋಡ ಕಂಡೊಡನೆ ಬೀಜ ಬಳಿದು ಒಳಗಿಡುವ ಕೈಗೆ ಈ ರಸಾಯನಶಾಸ್ತ್ರ ಬೇರೆ ಹೆಸರಿನಲ್ಲಿ ಗೊತ್ತು. ಲೀಟರಿನ ಬೆಲೆ ಕಟ್ಟುವವರು ಆ ಕೈಯ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ?