ಕಡತದಲ್ಲಿ ಬೆಳೆದ ತಂತ್ರಾಂಶ

ಕಡತವೆಂಬ ಮಾತನ್ನು ಈಗ ನಾವು ಕಚೇರಿಯ ಫೈಲಿಗೂ ಗಣಕಯಂತ್ರದ ಫೈಲಿಗೂ ಒಂದೇ ಸಮನೆ ಬಳಸುತ್ತೇವೆ. ಮೂಲದಲ್ಲಿ ಕಡತವೆಂದರೆ ಕಾಗದವೂ ಅಲ್ಲ, ಯಂತ್ರವೂ ಅಲ್ಲ, ಬಟ್ಟೆ. ಹುಣಿಸೆಬೀಜದ ಸರಿಯನ್ನು ಇದ್ದಲ ಪುಡಿಯೊಡನೆ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಆ ಕರಿಯ ಮೈಯ ಮೇಲೆ ಬಳಪದಿಂದ ಬೆಳ್ಳಗೆ ಬರೆಯುತ್ತಿದ್ದರು. ವರ್ತಕರ ಲೆಕ್ಕಪತ್ರಗಳು ಅದರಲ್ಲಿರುತ್ತಿದ್ದವು. ಶೃಂಗೇರಿ ಮಠದ ಕಡತಗಳಂತೂ ಇತಿಹಾಸ ಬರೆಯುವವರಿಗೆ ದೊಡ್ಡ ಆಕರವೇ ಆಗಿವೆ. ಬರಹ ಬಲ್ಲವನಿಗೆ ಅದನ್ನು ಓದಲು ಕಣ್ಣಲ್ಲದೆ ಬೇರೆ ಸಲಕರಣೆ ಬೇಕಿರಲಿಲ್ಲ.

ಗಣಕಯಂತ್ರದಲ್ಲಿಯೂ ಇಂಥದೇ ಒಂದು ಜಾತಿಯ ಕಡತವುಂಟು. ಅಕ್ಷರ, ಅಂಕಿ, ಚಿಹ್ನೆ, ಸಾಲು ಇವಿಷ್ಟೇ ಅದರಲ್ಲಿರುವುದು, ಬಣ್ಣವಿಲ್ಲ, ಅಲಂಕಾರವಿಲ್ಲ. ಯಾವ ಕಂಪನಿಯ ಯಂತ್ರದಲ್ಲಾದರೂ ತೆರೆದು ಓದಬಹುದು. ತಂತ್ರಾಂಶ ಕಟ್ಟುವ ಕೆಲಸಕ್ಕೆ ಯೋಜನೆ ಹಾಕಲು, ತಪ್ಪುಗಳ ಪಟ್ಟಿ ಇಡಲು, ಆದದ್ದನ್ನೂ ಆಗಬೇಕಾದದ್ದನ್ನೂ ಗುರುತಿಸಲು ಇಂದು ಬೆಲೆಬಾಳುವ ಏರ್ಪಾಡುಗಳು ಬೇಕಾದಷ್ಟಿವೆ. ನಮ್ಮ ಮನೆಗಳ ಹುಡುಗ ಹುಡುಗಿಯರಲ್ಲಿ ಅನೇಕರು ಇದೇ ಉದ್ಯೋಗದಲ್ಲಿರುವುದರಿಂದ ಅವುಗಳ ಹೆಸರುಗಳು ಊಟದ ಹೊತ್ತಿನಲ್ಲಿಯೂ ನಮ್ಮ ಕಿವಿಗೆ ಬೀಳುತ್ತವೆ. ಅಂಥವು ಯಾವುವೂ ಇಲ್ಲದೆ, ಕೆಲವೇ ಸಾದಾ ಅಕ್ಷರದ ಕಡತಗಳ ಬಲದಿಂದ ನಡೆದು ನಲವತ್ತು ವರ್ಷ ಮೀರಿ ಬಾಳಿರುವ ಕೆಲಸವೊಂದರ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

ಆ ತಂತ್ರಾಂಶದ ಹೆಸರು ಟೆಕ್. ಪುಸ್ತಕಗಳಿಗೆ, ಅದರಲ್ಲೂ ಗಣಿತದ ಪುಸ್ತಕಗಳಿಗೆ, ಅಚ್ಚುಮೊಳೆ ಜೋಡಿಸುವ ಕೆಲಸವನ್ನು ಗಣಕಯಂತ್ರದಿಂದ ಮಾಡಿಸುವುದು ಅದರ ಉದ್ದೇಶ. ಕರ್ತೃ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊನಾಲ್ಡ್ ಕನೂತ್. ಇವರು ಗಣಕಕ್ರಮಗಳ ವಿಷಯವಾಗಿ ಸಂಪುಟ ಸಂಪುಟಗಳಾಗಿ ಬರೆಯುತ್ತಿದ್ದ ಗ್ರಂಥವು ಮೊದಲು ಸೀಸದ ಮೊಳೆಗಳಲ್ಲಿ ಸೊಗಸಾಗಿ ಅಚ್ಚಾಗಿತ್ತು. ಅಷ್ಟರಲ್ಲಿ ಮುದ್ರಣದ ಪದ್ಧತಿ ಬದಲಾಯಿಸಿ ಛಾಯಾಚಿತ್ರದ ವಿಧಾನ ಬಂತು. 1977ರಲ್ಲಿ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಕೈಸೇರಿದಾಗ ಅದರ ಅಕ್ಷರಗಳ ರೂಪ ಕಂಡು ಕನೂತರಿಗೆ ಬೇಸರವಾಯಿತು. ಬೇರೆಯವರಾಗಿದ್ದರೆ ಮುದ್ರಕರಿಗೆ ಕಾಗದ ಬರೆದು ಸುಮ್ಮನಾಗುತ್ತಿದ್ದರೋ ಏನೋ. ಇವರು ಅಚ್ಚಿನ ಕೆಲಸವನ್ನೇ ತಾವು ವಹಿಸಿಕೊಂಡರು.

ಆ ವರ್ಷ ಮೇ ತಿಂಗಳಿನಲ್ಲಿ ಅವರು ತಮಗಾಗಿಯೇ ಒಂದು ಟಿಪ್ಪಣಿ ಬರೆದು ಯಂತ್ರದಲ್ಲಿಟ್ಟರು. ಸ್ಟ್ಯಾನ್‌ಫರ್ಡಿನ ಕೃತಕ ಬುದ್ಧಿಮತ್ತೆಯ ಪ್ರಯೋಗಶಾಲೆಯ ಆ ಯಂತ್ರದಲ್ಲಿ ಕಡತದ ಹೆಸರಿಗೆ ಆರಕ್ಷರ, ಚುಕ್ಕೆಯಿಟ್ಟು ಮುಂದೆ ಬಾಲಕ್ಕೆ ಮೂರಕ್ಷರ, ಅಷ್ಟೇ ಅವಕಾಶ. ಅದಕ್ಕಾಗಿ 'ಟೆಕ್ ಡ್ರಾಫ್ಟ್' ಎಂಬ ಹೆಸರನ್ನು ನಡುವೆ ಕತ್ತರಿಸಿ ಚುಕ್ಕೆಯ ಆಚೆ ಈಚೆ ಕೂಡಿಸಿದರು. ಸೂತ್ರಗಳನ್ನು ಹೇಗೆ ಬೆರಳಚ್ಚಿಸಬೇಕು, ಸಾಲುಗಳನ್ನು ಹೇಗೆ ಮುರಿಯಬೇಕು, ಪುಟವನ್ನು ಹೇಗೆ ಕಟ್ಟಬೇಕು ಎಂಬ ಯೋಜನೆಯೆಲ್ಲ ಅದರಲ್ಲಿತ್ತು. ಆ ಬೇಸಗೆಯಲ್ಲಿ ಕನೂತರು ಚೀನಾ ದೇಶಕ್ಕೆ ಹೋಗಬೇಕಾಗಿ ಬಂದುದರಿಂದ ಮೈಕೇಲ್ ಪ್ಲಾಸ್, ಫ್ರಾಂಕ್ ಲಿಯಾಂಗ್ ಎಂಬ ಇಬ್ಬರು ವಿದ್ಯಾರ್ಥಿಗಳಿಗೆ ಕೆಲಸ ಒಪ್ಪಿಸಿ ಹೊರಟರು. ಹುಡುಗರು ಆ ಬರಹದ ಆಧಾರದಿಂದಲೇ ಮೊದಲ ಮಾದರಿಯನ್ನು ನಡೆಯುವಂತೆ ಮಾಡಿದರು. ಹಿಂತಿರುಗಿ ನೋಡಿದಾಗ ಕನೂತರಿಗೆ ಹೊಳೆದ ಸಂಗತಿ ಇನ್ನೊಂದು. ಬರಹದಲ್ಲಿ ಬಿಟ್ಟುಹೋದ ಎಷ್ಟೋ ವಿವರಗಳನ್ನು ಹುಡುಗರು ತಾವೇ ತೀರ್ಮಾನಿಸಬೇಕಾಗಿತ್ತು. ಹೊಸ ವಸ್ತುವನ್ನು ಯೋಚಿಸಿದವನೇ ಅದನ್ನು ಕಟ್ಟಲೂ ಬೇಕು, ಮೊದಲು ಬಳಸಲೂ ಬೇಕು, ಕೈಪಿಡಿಯನ್ನೂ ಬರೆಯಬೇಕು ಎಂದು ನಿಶ್ಚಯಿಸಿ ಅವರು ಇಡೀ ಕ್ರಮವನ್ನು ತಮ್ಮ ಕೈಯಿಂದಲೇ ಬರೆದರು.

1978ರ ಮಾರ್ಚಿಯಲ್ಲಿ ಪರೀಕ್ಷೆ ಮೊದಲಾಯಿತು. ಕಂಡ ತಪ್ಪನ್ನೂ ಮಾಡಿದ ಬದಲಾವಣೆಯನ್ನೂ ಕನೂತರು ಕ್ರಮಸಂಖ್ಯೆಯೊಡನೆ ಬರೆದಿಟ್ಟರು. ಹತ್ತು ವರ್ಷಗಳಲ್ಲಿ ನಮೂದುಗಳು 850 ಮೀರಿದವು. ಬರೆದಿಟ್ಟುದಷ್ಟೇ ಅಲ್ಲ, ಅವುಗಳನ್ನು 15 ವರ್ಗಗಳಾಗಿ ವಿಂಗಡಿಸಿ ಒಂದೊಂದಕ್ಕೆ ಒಂದೊಂದು ಅಕ್ಷರ ಕೊಟ್ಟರು: ಕ್ರಮದಲ್ಲಿಯೇ ದೋಷವಿದ್ದುದು, ಮರೆತುದು, ಬೆರಳು ತಪ್ಪಿದ್ದು, ಬೇರೆ ಯಂತ್ರಕ್ಕೆ ಹೊಂದದ್ದು, ಕೇವಲ ಪೆದ್ದುತನದಿಂದಾದದ್ದು, ಹೀಗೆ. ಇಡೀ ಪಟ್ಟಿಯನ್ನು 1989ರಲ್ಲಿ ತಮ್ಮ ಹೆಸರಿನಲ್ಲಿಯೇ ಒಂದು ಪ್ರಬಂಧದೊಡನೆ ಅಚ್ಚುಮಾಡಿಸಿದರು. ಬ್ಯಾಂಕಿನಲ್ಲಿ ಲೆಕ್ಕ ಬರೆದು ಬದುಕುವ ನಮ್ಮಂಥವರಿಗೆ ಇದು ಸಾಮಾನ್ಯ ಸಂಗತಿಯಾಗಿ ತೋರಲಿಲ್ಲ. ತಪ್ಪಿನ ಪಟ್ಟಿಯನ್ನು ತಪಾಸಣೆಯವರು ಬರೆಯುವುದುಂಟು. ಮಾಡಿದವನೇ ಬರೆದು ಊರಿಗೆಲ್ಲ ಹಂಚಿದ್ದನ್ನು ನಾವು ಬೇರೆಲ್ಲೂ ಕಂಡಿಲ್ಲ.

1982ರ ಹೊತ್ತಿಗೆ ಟೆಕ್ಕನ್ನು ಮೊದಲಿನಿಂದ ಮತ್ತೆ ಬರೆದುದಾಯಿತು. ಈ ಸಲ ಕ್ರಮವೂ ಅದರ ವಿವರಣೆಯೂ ಒಂದೇ ಕಡತದಲ್ಲಿ ಹೆಣೆದುಕೊಂಡವು. ಆ ಪದ್ಧತಿಗೆ ವೆಬ್ ಎಂದು ಹೆಸರಿಟ್ಟರು. ಈಗ ಮನೆಮಾತಾಗಿರುವ ವೆಬ್ಬಿಗೂ ಇದಕ್ಕೂ ಸಂಬಂಧವಿಲ್ಲ. ಇದು ಅದಕ್ಕಿಂತ ಹಳೆಯದು. ಒಂದೇ ಕಡತದಿಂದ ಯಂತ್ರಕ್ಕೆ ಬೇಕಾದುದನ್ನು ಒಂದು ಉಪಕರಣ ತೆಗೆದುಕೊಡುತ್ತದೆ, ಮನುಷ್ಯರು ಓದಬೇಕಾದುದನ್ನು ಇನ್ನೊಂದು. ಮನುಷ್ಯರು ಓದುವ ಭಾಗ 1986ರಲ್ಲಿ ದೊಡ್ಡ ಪುಸ್ತಕವಾಗಿಯೇ ಬಂತು.

ನಮಗೆ ಎಲ್ಲಕ್ಕಿಂತ ಮೆಚ್ಚಿಗೆಯಾದ ಏರ್ಪಾಡು ಬೇರೆಯಿದೆ. ಟೆಕ್ಕಿನ ಮೂಲ ಕಡತವನ್ನು ಕನೂತರ ಹೊರತು ಯಾರೂ ತಿದ್ದಕೂಡದು. ತಮ್ಮ ಯಂತ್ರಕ್ಕೆ ಬದಲಾವಣೆ ಬೇಕಾದವರು ಪ್ರತ್ಯೇಕವಾಗಿ 'ಬದಲಾವಣೆಯ ಕಡತ'ವೊಂದನ್ನು ಇಡಬೇಕು. ಅದರಲ್ಲಿ ಮೂಲದ ಸಾಲು, ಕೆಳಗೆ ಅದರ ಬದಲಿಗೆ ಬರಬೇಕಾದ ಸಾಲು. ಉಪಕರಣವು ಎರಡನ್ನೂ ಕೂಡಿಸಿ ಓದಿಕೊಳ್ಳುತ್ತದೆ. ಲೆಡ್ಜರಿನಲ್ಲಿ ನಾವು ತಪ್ಪು ನಮೂದನ್ನು ಕೆರೆದು ಅಳಿಸುವುದಿಲ್ಲ. ತಾರೀಖು ಹಾಕಿ ಎದುರು ನಮೂದು ಬರೆಯುತ್ತೇವೆ. ಯಾರು, ಎಲ್ಲಿ, ಏನನ್ನು ಬದಲಿಸಿದರು ಎಂಬುದು ಹಾಗೆಯೇ ನಿಲ್ಲುತ್ತದೆ. ಇದರೊಡನೆ ಪರೀಕ್ಷೆಗೆಂದೇ ಮತ್ತೊಂದು ಕಡತವಿದೆ. ಅದರಲ್ಲಿರುವ ಬರಹ ಯಾರೂ ಓದುವಂಥದಲ್ಲ. ಟೆಕ್ಕಿನ ಮೂಲೆಮುಡುಕನ್ನೆಲ್ಲ ಪೀಡಿಸುವುದಕ್ಕಾಗಿ ಬರೆದದ್ದು. ಅದನ್ನು ನಡೆಸಿದಾಗ ಹೊರಬರುವ ವರದಿಯು ಕನೂತರ ವರದಿಯೊಡನೆ ಹೊಂದಿಕೊಂಡರೆ ಮಾತ್ರ ಆ ತಂತ್ರಾಂಶಕ್ಕೆ ಟೆಕ್ ಎಂಬ ಹೆಸರು ಸಲ್ಲುತ್ತದೆ.

ತಪ್ಪು ತೋರಿಸಿಕೊಟ್ಟವರಿಗೆ ಬಹುಮಾನವೂ ಇತ್ತು. 2.56 ಡಾಲರಿನ ಚೆಕ್ಕಿನಿಂದ ಹೊರಟು ವರ್ಷವರ್ಷವೂ ಇಮ್ಮಡಿಯಾಗುತ್ತ 327.68 ಡಾಲರಿಗೆ ನಿಂತಿತು. ಪಡೆದವರಲ್ಲಿ ಬಹಳ ಮಂದಿ ಚೆಕ್ಕನ್ನು ನಗದು ಮಾಡಿಸದೆ ಕಟ್ಟುಹಾಕಿಸಿ ಗೋಡೆಗೆ ತೂಗುಹಾಕಿದರು. ಆ ಖಾತೆಯ ತಾಳೆಪಟ್ಟಿ ಬರೆಯುತ್ತಿದ್ದ ಗುಮಾಸ್ತರ ಪಾಡನ್ನು ನೆನೆದರೆ ನಮಗೆ ನಗು ಬರುತ್ತದೆ. ಚೆಕ್ಕಿನ ಚಿತ್ರಗಳನ್ನು ಅಂತರಜಾಲದಲ್ಲಿ ಹಾಕಿದ್ದರಿಂದ ವಂಚನೆಗೆ ಎಡೆಯಾಗಿ, 2008ರಿಂದ ನಿಜವಾದ ಚೆಕ್ಕು ನಿಂತು, ಕಾಲ್ಪನಿಕ ಬ್ಯಾಂಕೊಂದರ ಪ್ರಮಾಣಪತ್ರ ಬರತೊಡಗಿತು.

ಟೆಕ್ಕಿನ ಆವೃತ್ತಿಯ ಸಂಖ್ಯೆ 1990ರಿಂದೀಚೆಗೆ ಪೈ ಎಂಬ ಗಣಿತಸಂಖ್ಯೆಯತ್ತ ಒಂದೊಂದೇ ಅಂಕಿ ಸಾಗುತ್ತಿದೆ. 2021ರ ತಿದ್ದುಪಡಿಯಲ್ಲಿ ಅದು 3.141592653 ಆಯಿತು. ಯೋಜನೆಯ ಟಿಪ್ಪಣಿ ಹುಟ್ಟಿದ ಯಂತ್ರವನ್ನು 1991ರಲ್ಲಿಯೇ ನಿಲ್ಲಿಸಿಬಿಟ್ಟರು. ಅದರ ಕಡತಗಳನ್ನು ಮಾತ್ರ ಹಿತೈಷಿಗಳು ಕಾಪಾಡಿದ್ದರಿಂದ 1977ರ ಆ ಟಿಪ್ಪಣಿಯನ್ನು ಇಂದಿಗೂ ಯಾರು ಬೇಕಾದರೂ ತೆರೆದು ಓದಬಹುದು.

ಕನ್ನಡದ ಕಡತಗಳಿಗೆ ಈ ಭಾಗ್ಯ ಸುಲಭವಾಗಿ ಬರಲಿಲ್ಲ. ಇಂಗ್ಲಿಷಿನ ಅಕ್ಷರಗಳಿಗೆ 1963ರಲ್ಲಿಯೇ ಆಸ್ಕಿ ಎಂಬ ಸಂಕೇತ ಏರ್ಪಟ್ಟಿತ್ತು. ನಮ್ಮ ಅಕ್ಷರಗಳು ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಇದ್ದರೂ ಅದು ಬಳಕೆಗೆ ಬರಲು ಬಹಳ ವರ್ಷ ಹಿಡಿಯಿತು. ಆ ನಡುವಣ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂಡಿಸಿದ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡುತ್ತಿದ್ದೆವು. ಒಂದೊಂದು ತಯಾರಕರದು ಒಂದೊಂದು ಜೋಡಣೆ. ಆ ಶೈಲಿ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಟೆಕ್ಕಿನಲ್ಲಿ ಕನ್ನಡ ಅಚ್ಚುಮಾಡಲು ಹೊರಟವರು ಇದಕ್ಕೊಂದು ಉಪಾಯ ಕಂಡಿದ್ದರು: ಕನ್ನಡವನ್ನು ರೋಮನ್ ಲಿಪಿಯಲ್ಲಿ ಸಾದಾ ಕಡತವಾಗಿ ಬರೆಯುವುದು, ಅದನ್ನು ಕನ್ನಡ ಅಕ್ಷರಗಳಾಗಿ ಮಾರ್ಪಡಿಸುವ ಕೆಲಸ ಯಂತ್ರಕ್ಕೆ ಬಿಡುವುದು. ನೋಡಲು ಅಂದವಿಲ್ಲ, ಆದರೆ ಅಂಥ ಕಡತವನ್ನು ಇಂದಿಗೂ ಓದಬಹುದು.

ಹೊರನಾಡಿನ ಸಂಘಗಳ ಸ್ಮರಣ ಸಂಚಿಕೆಗಳು, ಸದಸ್ಯರ ಪಟ್ಟಿಗಳು, ನಾಟಕದ ಪ್ರತಿಗಳು ಎಷ್ಟೋ ಅದೇ ಹಳೆಯ ಶೈಲಿಗಳಲ್ಲಿ ಬೆರಳಚ್ಚಾದವು. ಅಂಥ ಕಡತಗಳು ಯಾರ ಮನೆಯಲ್ಲಾದರೂ ಇದ್ದರೆ, ಯಾವ ಅಕ್ಷರಶೈಲಿಯಲ್ಲಿ ಬರೆದದ್ದೆಂಬುದನ್ನು ಬಲ್ಲವರು ಇರುವಾಗಲೇ ಹೆಸರು ಗುರುತುಹಾಕಿಕೊಳ್ಳುವುದು ಒಳ್ಳೆಯದು. ಬಳಕೆಯಲ್ಲಿದ್ದ ಮುಖ್ಯ ಶೈಲಿಗಳಿಂದ ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಆದರೆ ಮೂಲ ಶೈಲಿ ಯಾವುದೆಂದು ನಾವು ಹೇಳಿದರೆ ಮಾತ್ರ ಅವು ನೆಟ್ಟಗೆ ಕೆಲಸ ಮಾಡುತ್ತವೆ.