ಕಡಲೆಬೀಜಕ್ಕೆ ಹನ್ನೆರಡು ವರ್ಷ



ಕಾರ್ತೀಕ ಮಾಸದ ಕೊನೆಯ ಸೋಮವಾರ ಬಂತು ಅಂದ್ರೆ ಬಸವನಗುಡಿ ಕಡೆ ಆಟೋ ಸಿಗೋದು ಕಷ್ಟ. ಕಡಲೆಕಾಯಿ ಪರಿಷೆ. ಜಯನಗರ, ಬನಶಂಕರಿ, ಜೆಪಿ ನಗರದ ನಾವೆಲ್ಲ ಬುಲ್ ಟೆಂಪಲ್ ರಸ್ತೆಯಲ್ಲಿ ಸಿಪ್ಪೆ ಉದುರಿಸ್ತಾ ನಡೆಯೋರೇ. ಆದರೆ ಇವತ್ತಿನ ಎಪಿಸೋಡ್ ಪರಿಷೆ ಬಗ್ಗೆ ಅಲ್ಲ. ಆ ಬೀಜದ ಒಳಗಿರೋ ಒಂದು ಪ್ರೋಟೀನ್ ಬಗ್ಗೆ. ಅದರ ಆಕಾರವನ್ನು ಜಗತ್ತಿಗೆ ಮೊದಲು ತೋರಿಸಿದ್ದು ಇದೇ ಬೆಂಗಳೂರು. ಊರಿನ ಆ ತುದಿಯಲ್ಲಿರೋ ಐಐಎಸ್‌ಸಿ, ನಮ್ಮ ಹಿರಿಯರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್.

1982ರಲ್ಲಿ ಆ ಪ್ರೋಟೀನಿನ ಹರಳು ಬೆಳೆಸಿದ ಸುದ್ದಿ ಪ್ರಕಟವಾಯ್ತು. ಆಕಾರ ಪ್ರಕಟವಾಗಿದ್ದು 1994ರಲ್ಲಿ. ನಾನು ಓದಿದ್ದು ಬಿ.ಕಾಂ. ಹಾಕಿದ ದುಡ್ಡು ಎಷ್ಟು ವರ್ಷದಲ್ಲಿ ವಾಪಸ್ ಬರುತ್ತೆ ಅಂತ ಲೆಕ್ಕ ಹಾಕೋದೇ ನಮಗೆ ಕಲಿಸಿದ್ದು. ಹಾಗಾಗಿ ಮೊದಲು ಬಂದ ಪ್ರಶ್ನೆ ಇದೇ: ಒಂದು ಕಡಲೆಬೀಜಕ್ಕೆ ಹನ್ನೆರಡು ವರ್ಷ ಯಾಕೆ?

ಪ್ರೋಟೀನ್ ಅಂದ್ರೆ ಜಿಮ್‌ನವರ ಡಬ್ಬದ ಪುಡಿ ಮಾತ್ರ ಅಲ್ಲ. ನಮ್ಮ ದೇಹದ ಹೆಚ್ಚಿನ ಕೆಲಸ ಮಾಡೋದು ಅವೇ. ಅಮೈನೋ ಆಮ್ಲಗಳನ್ನು ಮಣಿಗಳ ಹಾಗೆ ಪೋಣಿಸಿದ ಒಂದು ಸರ. ಆ ಸರ ತನ್ನಷ್ಟಕ್ಕೆ ತಾನೇ ಮಡಚಿಕೊಂಡು ಒಂದು ಆಕಾರ ತಗೊಳ್ಳುತ್ತೆ. ಎಲ್ಲಿ ತಗ್ಗು, ಎಲ್ಲಿ ಉಬ್ಬು, ಯಾವ ಪರಮಾಣು ಎಲ್ಲಿ ಕೂತಿದೆ ಅನ್ನೋದರ ಮೇಲೆ ಅದು ಯಾವುದನ್ನು ಹಿಡಿಯುತ್ತೆ, ಯಾವುದನ್ನು ಬಿಡುತ್ತೆ ಅನ್ನೋದು ತೀರ್ಮಾನ ಆಗುತ್ತೆ. ಕಡಲೆಬೀಜದ ಈ ಪ್ರೋಟೀನ್ ಲೆಕ್ಟಿನ್ ಅನ್ನೋ ಜಾತಿಗೆ ಸೇರಿದ್ದು. ಲೆಕ್ಟಿನ್‌ಗಳ ಕೆಲಸ ಸಕ್ಕರೆ ಗುರುತಿಸೋದು. ಕಾಫಿಗೆ ಹಾಕೋ ಸಕ್ಕರೆ ಅಲ್ಲ, ಜೀವಕೋಶಗಳ ಮೈಮೇಲೆ ಅಂಟಿಕೊಂಡಿರೋ ಸಕ್ಕರೆಯ ತುಣುಕುಗಳು. ಅದರಲ್ಲಿ ಒಂದರ ಹೆಸರು ಟಿ-ಆಂಟಿಜೆನ್. ಆರೋಗ್ಯವಾಗಿರೋ ಕೋಶಗಳಲ್ಲಿ ಅದು ಬೇರೆ ಸಕ್ಕರೆಗಳ ಕೆಳಗೆ ಮುಚ್ಚಿಕೊಂಡಿರುತ್ತೆ. ಹಲವು ಬಗೆಯ ಕ್ಯಾನ್ಸರ್ ಕೋಶಗಳಲ್ಲಿ ಅದು ಹೊರಗೆ ತೆರೆದುಕೊಳ್ಳುತ್ತೆ. ಕಡಲೆಬೀಜದ ಲೆಕ್ಟಿನ್ ಹುಡುಕಿ ಹಿಡಿಯೋದು ಅದನ್ನೇ. ಪ್ರಯೋಗಾಲಯಗಳಲ್ಲಿ ಈ ಲೆಕ್ಟಿನ್ ಬಳಸಿ ಅಂಥ ಕೋಶಗಳನ್ನು ಗುರುತಿಸ್ತಾರೆ. (ಕಡಲೆಕಾಯಿ ತಿಂದ್ರೆ ಕ್ಯಾನ್ಸರ್ ವಾಸಿ ಅಂತ ದಯವಿಟ್ಟು ವಾಟ್ಸಾಪ್‌ನಲ್ಲಿ ಕಳಿಸಬೇಡಿ. ನಾನು ಹೇಳ್ತಿರೋದು ಅದಲ್ಲ.)

ಈಗ ಈ ಕಥೆಯ ಮುಖ್ಯ ವ್ಯಕ್ತಿ. ಎಂ. ವಿಜಯನ್, ಕೇರಳದ ತ್ರಿಶ್ಶೂರ್ ಕಡೆಯವರು. ಪಿಎಚ್‌ಡಿ ಮಾಡಿದ್ದು ನಮ್ಮ ಐಐಎಸ್‌ಸಿಯಲ್ಲೇ. ಆಮೇಲೆ ಆಕ್ಸ್‌ಫರ್ಡ್‌ಗೆ, ಡೊರೊಥಿ ಹಾಡ್ಜ್‌ಕಿನ್ ಅವರ ತಂಡಕ್ಕೆ. 1964ರಲ್ಲಿ ನೊಬೆಲ್ ಪಡೆದ ಹಾಡ್ಜ್‌ಕಿನ್ ಇನ್ಸುಲಿನ್ ಹರಳಿನ ಮೊದಲ ಎಕ್ಸ್‌ರೇ ಚಿತ್ರ ತೆಗೆದಿದ್ದು 1935ರಲ್ಲಿ. ಅದರ ಆಕಾರ ಕೈಗೆ ಸಿಕ್ಕಿದ್ದು 1969ರಲ್ಲಿ. ಮೂವತ್ತನಾಲ್ಕು ವರ್ಷ! ಆ 1969ರ ಪ್ರಬಂಧದ ಹತ್ತು ಹೆಸರುಗಳಲ್ಲಿ ವಿಜಯನ್ ಹೆಸರೂ ಇದೆ.

1971ರಲ್ಲಿ ಅವರು ಬೆಂಗಳೂರಿಗೆ ವಾಪಸ್ ಬಂದರು. ಪ್ರೋಟೀನ್ ಸರ ಯಾವ ಯಾವ ಕೋನದಲ್ಲಿ ಮಡಚಬಹುದು ಅಂತ 1963ರಲ್ಲಿ ನಕ್ಷೆ ಹಾಕಿಕೊಟ್ಟ ಜಿ.ಎನ್. ರಾಮಚಂದ್ರನ್ ಆಗಷ್ಟೇ ಇಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟುತ್ತಾ ಇದ್ದರು. ತಲೆ ಇತ್ತು, ತರಬೇತಿ ಇತ್ತು, ಸಲಕರಣೆ ಇರಲಿಲ್ಲ. ಪ್ರೋಟೀನ್ ಹರಳಿನ ಕೆಲಸಕ್ಕೆ ಬೇಕಾದ ಎಕ್ಸ್‌ರೇ ಯಂತ್ರ, ಕಂಪ್ಯೂಟರ್ ಇದಕ್ಕೆಲ್ಲ ಆಗ ದುಡ್ಡು ಎಲ್ಲಿ? ವಿಜಯನ್ ಸುಮಾರು ಹತ್ತು ವರ್ಷ ಅಮೈನೋ ಆಮ್ಲಗಳಂಥ ಚಿಕ್ಕ ಅಣುಗಳ ಹರಳುಗಳನ್ನೇ ಅಧ್ಯಯನ ಮಾಡ್ತಾ ಹೋದರು. ಆಕ್ಸ್‌ಫರ್ಡ್‌ನಲ್ಲಿ ಇನ್ಸುಲಿನ್ ಬಿಡಿಸಿ ಬಂದವರು! ನನಗೆ ಈ ಕಥೆಯಲ್ಲಿ ಅತಿ ದೊಡ್ಡದು ಅನ್ನಿಸಿದ್ದು ಆ ಹತ್ತು ವರ್ಷವೇ. 80ರ ದಶಕದ ಮೊದಲಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಹಣ ಬಂದ ಮೇಲೇ ದೊಡ್ಡ ಕೆಲಸಕ್ಕೆ ದಾರಿ ತೆರೆದಿದ್ದು.

ಕಡಲೆಬೀಜ ಯಾಕೆ? ಅದೇ ವಿಭಾಗದ ಅವಧೇಶ ಸುರೋಲಿಯಾ ಲೆಕ್ಟಿನ್‌ಗಳಲ್ಲಿ ಪಳಗಿದವರು. ಜೊತೆಗೆ, ಹರಳು ಬೆಳೆಸೋಕೆ ಒಂದೇ ಪ್ರೋಟೀನ್ ಶುದ್ಧವಾಗಿ, ಸಾಕಷ್ಟು ಬೇಕು. ಬೀಜಗಳಲ್ಲಿ ಲೆಕ್ಟಿನ್ ಧಾರಾಳ, ಬೀಜ ಅಂಗಡಿಯಲ್ಲೇ ಸಿಗುತ್ತೆ.

ಕಲ್ಲುಸಕ್ಕರೆ ನೋಡಿದ್ದೀರಲ್ಲ, ಪ್ರೋಟೀನ್ ಹರಳೂ ಹಾಗೇ: ಕೋಟ್ಯಂತರ ಅಣುಗಳು ಕವಾಯತಿಗೆ ನಿಂತ ಹಾಗೆ ಸಾಲಾಗಿ ನಿಂತಿರುತ್ತವೆ. ಪರಮಾಣುಗಳು ಎಷ್ಟು ಚಿಕ್ಕವು ಅಂದ್ರೆ ಮಾಮೂಲಿ ಬೆಳಕಿನ ಮೈಕ್ರೋಸ್ಕೋಪ್‌ಗೆ ಕಾಣೋದೇ ಇಲ್ಲ. ಅದಕ್ಕೇ ಎಕ್ಸ್‌ರೇ. ಹರಳಿಗೆ ಎಕ್ಸ್‌ರೇ ಬಿಟ್ಟರೆ ಅದು ಚದುರಿ, ಆ ಕಡೆ ಚುಕ್ಕೆಗಳಾಗಿ ಬೀಳುತ್ತೆ. ಕಡಲೆಬೀಜದ ಲೆಕ್ಟಿನ್‌ಗೆ 1994ರ ಪ್ರಬಂಧದಲ್ಲಿ ಲೆಕ್ಕಕ್ಕೆ ತಗೊಂಡ ಚುಕ್ಕೆಗಳು 22,155.

ತೊಂದರೆ ಶುರುವಾಗೋದೇ ಇಲ್ಲಿಂದ. ಒಂದು ಪಾಸ್‌ಬುಕ್ ಕಲ್ಪಿಸಿಕೊಳ್ಳಿ. ಪ್ರತಿ ಸಾಲಿನಲ್ಲೂ ಮೊತ್ತ ಇದೆ, ಆದರೆ ಅದು ಜಮೆಯೋ ಖರ್ಚೋ ಅನ್ನೋದು ಅಳಿಸಿಹೋಗಿದೆ. ಬ್ಯಾಲೆನ್ಸ್ ಹೇಗೆ ಹೇಳ್ತೀರಿ? ಚುಕ್ಕೆಯ ಹೊಳಪು ಅಳೆಯಬಹುದು, ಆ ಅಲೆ ಯಾವ ಹಂತದಲ್ಲಿತ್ತು ಅನ್ನೋ ಮಾಹಿತಿ ಕಳೆದುಹೋಗಿರುತ್ತೆ. ಹೊಳಪು ಗೊತ್ತಿದ್ದು ಹಂತ ಗೊತ್ತಿಲ್ಲ ಅಂದ್ರೆ ಆಕಾರ ಇಲ್ಲ. ಇದಕ್ಕೆ ಉಪಾಯ ಹರಳಿನೊಳಗೆ ಭಾರವಾದ ಲೋಹದ ಪರಮಾಣುಗಳನ್ನು ಇಳಿಸಿ, ಚುಕ್ಕೆಗಳು ಎಷ್ಟು ಬದಲಾದವು ಅಂತ ನೋಡೋದು. ಗೊತ್ತಿರೋ ಒಂದು ದೊಡ್ಡ ಮೊತ್ತ ಖಾತೆಗೆ ಹಾಕಿ ಉಳಿದ ಸಾಲುಗಳನ್ನು ಊಹಿಸಿದ ಹಾಗೆ. ಒಂದೇ ಲೋಹ ಸಾಲದು, ಬೇರೆ ಬೇರೆ ಬೇಕು, ಹರಳು ಕೆಡಬಾರದು. ವರ್ಷಗಳು ಹೋಗೋದು ಇಂಥ ಕೆಲಸದಲ್ಲಿ.

ಹೀಗೆ ಒಬ್ಬರ ಕೆಲಸವನ್ನು ಇನ್ನೊಬ್ಬರು ಮುಂದುವರಿಸಿದರು. 1982ರ ಹರಳಿನ ಪ್ರಬಂಧದಲ್ಲಿ ಮೊದಲ ಹೆಸರು ದಿನಕರ ಸಾಳುಂಕೆ. ಆಮೇಲೆ ಶೇಖರ ಮಾಂಡೆ, ಮುಂದೆ ಸಿಎಸ್‌ಐಆರ್ ಮಹಾನಿರ್ದೇಶಕರಾದವರು. 1994ರ ಪ್ರಬಂಧದ ಒಂಬತ್ತು ಹೆಸರುಗಳಲ್ಲಿ ಮೊದಲನೆಯದು ರಾಹುಲ್ ಬ್ಯಾನರ್ಜಿ, ಕೊನೆಯದು ವಿಜಯನ್.

ಬಂದ ಉತ್ತರ ವಿಚಿತ್ರವಾಗಿತ್ತು. ಈ ಲೆಕ್ಟಿನ್‌ನಲ್ಲಿ ಒಂದೇ ಥರದ ನಾಲ್ಕು ತುಂಡುಗಳು ಸೇರಿರುತ್ತವೆ. ಆವರೆಗೆ ಚೆನ್ನಾಗಿ ಗೊತ್ತಿದ್ದ ಇಂಥ ನಾಲ್ಕು ತುಂಡಿನ ಪ್ರೋಟೀನ್‌ಗಳೆಲ್ಲ ಅಚ್ಚುಕಟ್ಟಾದ ಸಮಮಿತಿಯಲ್ಲಿ ಜೋಡಿಸಿಕೊಂಡಿದ್ದವು. ಕಡಲೆಬೀಜದ್ದು ಆ ನಿಯಮಕ್ಕೆ ಬಗ್ಗಲಿಲ್ಲ. ಎರಡೆರಡು ತುಂಡಿನ ಜೋಡಿಗಳು ಸರಿಯಾಗಿಯೇ ಇವೆ, ಒಟ್ಟು ಮಾತ್ರ ಮುಚ್ಚಿಕೊಳ್ಳದೆ ತೆರೆದೇ ನಿಂತಿದೆ. ಹೀಗೂ ಇರಬಹುದು ಅಂತ ಲೋಕಕ್ಕೆ ಹೇಳಿದ್ದು ಈ ಬೀಜ.

ಅದಕ್ಕಿಂತ ನನಗೆ ಇಷ್ಟವಾಗಿದ್ದು 1997ರ ಸಂಗತಿ. ಟಿ-ಆಂಟಿಜೆನ್ ಸಕ್ಕರೆಯನ್ನು ಹಿಡಿದುಕೊಂಡಿರುವಾಗಲೇ ಲೆಕ್ಟಿನ್‌ನ ಚಿತ್ರ ತೆಗೆದರು. ಹಾಲಿನ ಸಕ್ಕರೆ ಲ್ಯಾಕ್ಟೋಸ್ ಕೂಡ ಅದೇ ತಗ್ಗಿನಲ್ಲಿ ಕೂರುತ್ತೆ. ಹಾಗಿದ್ದರೆ ಟಿ-ಆಂಟಿಜೆನ್ನನ್ನೇ ಗಟ್ಟಿಯಾಗಿ ಹಿಡಿಯೋದು ಹೇಗೆ? ಪ್ರೋಟೀನ್ ನೇರವಾಗಿ ಮುಟ್ಟೋ ಜಾಗಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇದ್ದಿದ್ದು ನೀರಿನಲ್ಲಿ! ಪ್ರೋಟೀನಿಗೂ ಸಕ್ಕರೆಗೂ ನಡುವೆ ನೀರಿನ ಅಣುಗಳು ಸೇತುವೆಯ ಹಾಗೆ ನಿಂತು ಕೈ ಹಿಡಿದಿದ್ದವು. ಇದು ಪ್ರಕಟವಾಗಿದ್ದೂ ಬೆಂಗಳೂರಿನದೇ ಪತ್ರಿಕೆ ಕರೆಂಟ್ ಸೈನ್ಸ್‌ನಲ್ಲಿ.

ಮಧ್ಯೆ 1996ರಲ್ಲಿ ಹಲಸಿನ ಬೀಜದ ಲೆಕ್ಟಿನ್ ಜಾಕಲಿನ್‌ನ ಸರದಿ. ಹಿಡಿಯೋದು ಅದೇ ಟಿ-ಆಂಟಿಜೆನ್, ಮಡಿಕೆ ಪೂರ್ತಿ ಬೇರೆ. ಜಾಕಲಿನ್ ಸರ ಒಂದು ಕಡೆ ತುಂಡಾಗಿ ಹೊಸ ತುದಿ ಹುಟ್ಟುತ್ತೆ, ಆ ತುದಿಯೇ ಸಕ್ಕರೆ ಹಿಡಿಯೋ ಕೈಗಳಲ್ಲಿ ಒಂದು. ಆಮೇಲೆ ವಿಜಯನ್ ಕ್ಷಯರೋಗದ ಬ್ಯಾಕ್ಟೀರಿಯಾದ ಪ್ರೋಟೀನ್‌ಗಳ ಕಡೆ ತಿರುಗಿದರು. 2022ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಈಗ ನಿಮ್ಮಲ್ಲಿ ಕೆಲವರು ಕೇಳ್ತೀರಿ, ಇದೆಲ್ಲ ಆಲ್ಫಾಫೋಲ್ಡ್ ನಿಮಿಷಗಳಲ್ಲಿ ಮಾಡಲ್ವಾ ಅಂತ. ಮಾಡುತ್ತೆ, 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅದರ ಪಾಲೂ ಇದೆ. ಆದರೆ ಆ ಎಐ ಕಲಿತಿದ್ದು ಎಲ್ಲಿಂದ? ಹೀಗೆ ಒಂದೊಂದಾಗಿ ಬಿಡಿಸಿ, ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ ಎಲ್ಲರಿಗೂ ಪುಕ್ಕಟೆಯಾಗಿ ಇಟ್ಟ ಲಕ್ಷಕ್ಕೂ ಹೆಚ್ಚು ಆಕಾರಗಳಿಂದ. ನಮ್ಮ ಕಡಲೆಬೀಜವೂ ಅಲ್ಲೇ ಇದೆ. ಅದೂ ಅಲ್ಲದೆ 2020ರ ಆಲ್ಫಾಫೋಲ್ಡ್ ಪ್ರೋಟೀನ್ ಸರವನ್ನಷ್ಟೇ ಕೊಡುತ್ತೆ, ನೀರಿನ ಅಣು ಎಲ್ಲಿ ನಿಂತಿದೆ ಅಂತ ಹೇಳಲ್ಲ. ಬಿ.ಕಾಂ. ಭಾಷೆಯಲ್ಲಿ ಹೇಳೋದಾದ್ರೆ, ಲಾಭ ಈಗ ಬೇರೆಯವರ ಖಾತೆಯಲ್ಲಿ ಕಾಣ್ತಿದೆ, ಬಂಡವಾಳದಲ್ಲಿ ಮಾತ್ರ ಈ ಊರಿನ ಹನ್ನೆರಡು ವರ್ಷವೂ ಸೇರಿದೆ.

ಕೈಯಲ್ಲಿ ಫೋನ್ ಇದೆಯಲ್ಲ, ಪ್ರೋಟೀನ್ ಡೇಟಾ ಬ್ಯಾಂಕ್ ತೆರೆದು 2, ಟಿ, ಇ, ಪಿ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಟಿ-ಆಂಟಿಜೆನ್ ಹಿಡಿದ ಲೆಕ್ಟಿನ್ ಬರುತ್ತೆ. ಬೆರಳಲ್ಲಿ ತಿರುಗಿಸಿ, ಸಕ್ಕರೆಯ ಹತ್ತಿರ ಜೂಮ್ ಮಾಡಿ. ಅಲ್ಲಿ ಪಕ್ಕದಲ್ಲಿ ಒಂಟಿಯಾಗಿ ನಿಂತಿರೋ ಪುಟ್ಟ ಚುಕ್ಕೆಗಳು ನೀರು.