ಹೇಳಿದ್ದನ್ನೇ ಹೇಳುವ ಮಕ್ಕಳು

ಮಾಧವೀಯ ಶಂಕರವಿಜಯದಲ್ಲಿ ಪ್ರಭಾಕರನೆಂಬ ಬ್ರಾಹ್ಮಣ ತನ್ನ ಮಗನನ್ನು ಶಂಕರಾಚಾರ್ಯರ ಮುಂದೆ ತಂದು ನಿಲ್ಲಿಸುವ ಪ್ರಸಂಗವಿದೆ. ಆಚಾರ್ಯರು ಮೂಕಾಂಬಿಕೆಯ ದರ್ಶನ ಮುಗಿಸಿ ಶ್ರೀಬಲಿ ಎಂಬ ಅಗ್ರಹಾರಕ್ಕೆ ಬಂದಿದ್ದಾರೆ. ಹುಡುಗ ಮಾತಾಡುವುದಿಲ್ಲ, ಓರಗೆಯವರು ಕರೆದರೆ ಆಟಕ್ಕೆ ಹೋಗುವುದಿಲ್ಲ, ಹೊಡೆದರೂ ಸಿಟ್ಟಾಗುವುದಿಲ್ಲ, ಮನಸ್ಸು ಬಂದರೆ ಉಣ್ಣುತ್ತಾನೆ ಎಂದು ಅಪ್ಪ ತೋಡಿಕೊಳ್ಳುತ್ತಾನೆ. ಆ ಹುಡುಗನೇ ಮುಂದೆ ಆಚಾರ್ಯರ ಶಿಷ್ಯ ಹಸ್ತಾಮಲಕನಾದ. ಕತೆಯ ವೇದಾಂತವನ್ನು ಬಲ್ಲವರು ವಿವರಿಸಲಿ. ವಾಕ್ ಚಿಕಿತ್ಸಕಿಯಾದ ನನ್ನನ್ನು ಹಿಡಿದು ನಿಲ್ಲಿಸುವುದು ಆ ಅಪ್ಪನ ವರದಿ. ಹೈದರಾಬಾದಿನ ಗಚ್ಚಿಬೌಲಿಯ ನನ್ನ ಕೋಣೆಗೆ ಬರುವ ತಂದೆತಾಯಿಯರು ಹೆಚ್ಚುಕಮ್ಮಿ ಇದನ್ನೇ, ಇದೇ ಕ್ರಮದಲ್ಲಿ ಹೇಳುತ್ತಾರೆ. ಅದರ ಮೇಲೆ ಇನ್ನೊಂದು ಸೇರಿಸುತ್ತಾರೆ: "ಮಾತು ಬರುತ್ತೆ ಮೇಡಂ, ಆದ್ರೆ ನಾವು ಹೇಳಿದ್ದನ್ನೇ ತಿರುಗಿ ಹೇಳ್ತಾನೆ."

ನಾನು ರಾಯಚೂರಿನವಳು. ನಮ್ಮ ಕಡೆ ಮಾತು ತಡವಾದ ಮಗುವಿಗೆ ಮೊದಲ ಔಷಧ ಬಜೆ. ಒಣ ಬೇರನ್ನು ದೀಪದ ಉರಿಗೆ ಹಿಡಿದು ಸುಟ್ಟು, ಸಾಣೆಕಲ್ಲಿನ ಮೇಲೆ ಜೇನುತುಪ್ಪದಲ್ಲಿ ತೇದು ನಾಲಗೆಗೆ ಹಚ್ಚುತ್ತಿದ್ದರು. ಇಲ್ಲಿನ ತೆಲುಗು ಮನೆಗಳಲ್ಲೂ ಅದೇ ಬೇರು, ಅದೇ ನಂಬಿಕೆ. ಹೆಸರು ಮಾತ್ರ ವಸ. ಬಜೆಯ ಎಣ್ಣೆಯಲ್ಲಿ ಬೀಟಾ ಆಸರೋನ್ ಎಂಬ ರಾಸಾಯನಿಕವಿದೆ. ಅದು ಪ್ರಾಣಿಗಳಲ್ಲಿ ಕ್ಯಾನ್ಸರ್ ತರುತ್ತದೆಂದು ತಿಳಿದ ಮೇಲೆ ಅಮೆರಿಕ 1968ರಲ್ಲಿ ಆಹಾರದಲ್ಲಿ ಬಜೆ ಬಳಸುವುದನ್ನು ನಿಷೇಧಿಸಿತು. ಆದ್ದರಿಂದ ಎಳೆಮಕ್ಕಳಿಗೆ ಕೊಡಬೇಡಿ ಎಂದೇ ನಾನು ಹೇಳುತ್ತೇನೆ. ಮೂಕಾಂಬಿಕೆಯ ಕೊಲ್ಲೂರಿಗೆ ಹರಕೆ ಹೊರುವವರನ್ನು ತಡೆಯುವುದಿಲ್ಲ. ಹೋಗುವ ಮೊದಲು ಮಗುವಿನ ಕಿವಿ ಪರೀಕ್ಷೆ ಮಾಡಿಸಿ ಎಂದು ಬೇಡಿಕೊಳ್ಳುತ್ತೇನೆ. "ಅವರಪ್ಪಗೂ ಮೂರು ವರ್ಷಕ್ಕ ಮಾತು ಬಂದಿದ್ವು" ಎಂದು ಹಿರಿಯರು ಹೇಳುವುದರಲ್ಲಿ ಸತ್ಯಾಂಶವಿದೆ. ತಡವಾಗಿ ಮಾತಾಡುವುದು ಕೆಲವು ಮನೆತನಗಳಲ್ಲಿ ಹರಿದುಬರುತ್ತದೆ. ಆದರೆ ಆ ನೆಮ್ಮದಿಯಲ್ಲೇ ಕಿವಿ ಕೇಳಿಸದ ಎಷ್ಟೋ ಮಕ್ಕಳ ಅಮೂಲ್ಯ ವರ್ಷಗಳು ಕಳೆದುಹೋಗಿವೆ.

ಬಜೆ ಮತ್ತು ಹರಕೆಗಳಾಚೆ ಹೋಗಲು ನಮ್ಮವರಿಗೆ ಒಂದು ಜಾಗ ಸಿಕ್ಕಿದ್ದು 1965ರಲ್ಲಿ, ಮೈಸೂರಿನಲ್ಲಿ. ಕೇಂದ್ರ ಆರೋಗ್ಯ ಇಲಾಖೆ ಅಲ್ಲಿ ತೆರೆದ ಸಂಸ್ಥೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಾಗಿ ಮಾನಸಗಂಗೋತ್ರಿಯಲ್ಲಿ ಬೆಳೆಯಿತು. ನನ್ನ ವೃತ್ತಿಗೆ ಈ ದೇಶದಲ್ಲಿ ಬೇರು ಕೊಟ್ಟದ್ದು ಅದು. ನಾನು ಓದಿದ್ದೂ ಅಲ್ಲೇ. ಮಾತಿನ ಮರುನುಡಿಯನ್ನು, ಅಂದರೆ ಎಕೋಲೇಲಿಯಾವನ್ನು ಕುರಿತ ಹಳೆಯ ಬರಹಗಳನ್ನು ಮೊದಲು ಕೈಗೆತ್ತಿಕೊಂಡದ್ದು ಅಲ್ಲಿಯ ಗ್ರಂಥಾಲಯದಲ್ಲಿ.

ಬಾಲ್ಟಿಮೋರಿನ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಕುರಿತು ಬರೆದ ಲೇಖನದಿಂದ ಆಟಿಸಂ ಎಂಬ ರೋಗನಿರ್ಣಯ ಶುರುವಾಯಿತು ಎಂದು ಎಲ್ಲರೂ ಓದುತ್ತಾರೆ. 1946ರಲ್ಲಿ ಅವನೇ ಬರೆದ ಇನ್ನೊಂದು ಲೇಖನವನ್ನು ಓದುವವರು ಕಡಿಮೆ. ನನಗೆ ಅದೇ ಹೆಚ್ಚು ಪ್ರಿಯ. ಅಲ್ಲೊಬ್ಬ ಪುಟ್ಟ ಹುಡುಗ ಏನನ್ನಾದರೂ ಎಸೆಯಬೇಕೆಂಬ ಆಸೆ ಹುಟ್ಟಿದಾಗಲೆಲ್ಲ, ನಾಯಿಯನ್ನು ಮಹಡಿಯಿಂದ ಎಸೆಯಬೇಡ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಸುತ್ತಮುತ್ತ ನಾಯಿಯೂ ಇಲ್ಲ, ಮಹಡಿಯೂ ಇಲ್ಲ. ತಾಯಿಯನ್ನು ಕೇಳಿದಾಗ ಗುಟ್ಟು ತಿಳಿಯಿತು. ಎಂದೋ ಲಂಡನ್ನಿನ ಹೋಟೆಲೊಂದರಲ್ಲಿ ಅವನು ಆಟದ ನಾಯಿಯನ್ನು ಪದೇಪದೇ ಕೆಳಗೆಸೆದಿದ್ದ, ತಂದುಕೊಟ್ಟು ತಂದುಕೊಟ್ಟು ಸಾಕಾದ ತಾಯಿ ಹಾಗೆ ಗದರಿದ್ದಳು. ಅದೇ ಹುಡುಗ ಬಾಣಲೆಯಂಥದ್ದೇನಾದರೂ ಕಂಡರೆ ಒಂದು ಶಿಶುಪದ್ಯದ ತುಂಡನ್ನು ನುಡಿಯುತ್ತಿದ್ದ. ಆ ಪದ್ಯ ಹೇಳಿಕೊಡುತ್ತಿದ್ದಾಗ ತಾಯಿಯ ಕೈಯಿಂದ ಬಾಣಲೆ ಜಾರಿ ಬಿದ್ದಿತ್ತು. ಅಸಂಬದ್ಧವಾಗಿ ಕೇಳುವ ಮಾತಿನ ಹಿಂದೆ ಅದು ಹುಟ್ಟಿದ ಗಳಿಗೆಯೊಂದು ಇರುತ್ತದೆ ಎಂಬುದು ಕ್ಯಾನರನ ಶೋಧ. ಅದಕ್ಕೆ ಬೇಕಾದ ಪುರಾವೆಯೆಲ್ಲ ಇದ್ದದ್ದು ತಾಯಿಯ ನೆನಪಿನಲ್ಲಿ.

ಇಷ್ಟು ತಿಳಿದ ಮೇಲೂ ಮುಂದಿನ ಮೂರು ದಶಕಗಳಲ್ಲಿ ಆ ತಾಯಂದಿರ ಮೇಲೆಯೇ ಅಪವಾದ ಬಂತು. ಕ್ಯಾನರನೇ ತಂದೆತಾಯಿಯರ ಮನಸ್ಸು ತಣ್ಣಗಿದೆ ಎಂದು ಬರೆದ. ಬ್ರೂನೋ ಬೆಟಲ್‌ಹೈಮ್ 1967ರ ಪುಸ್ತಕದಲ್ಲಿ ಅದನ್ನು ಇನ್ನೂ ಕ್ರೂರವಾಗಿ ಹೇಳಿದ. ಇನ್ನೊಂದು ಕಡೆ ವರ್ತನೆಯನ್ನು ತಿದ್ದಲು ಹೊರಟವರಿಗೆ ಮರುನುಡಿ ಎಂದರೆ ಅಳಿಸಿಹಾಕಬೇಕಾದ ಚಾಳಿ. ಎಷ್ಟು ಮಕ್ಕಳನ್ನು ಅವರ ಬಳಿ ಇದ್ದ ಒಂದೇ ಮಾತಿನಿಂದಲೂ ದೂರ ಮಾಡಿದರೋ ಎಂದು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಗಾಳಿ ತಿರುಗಿದ್ದು 1981ರಲ್ಲಿ. ಬ್ಯಾರಿ ಪ್ರಿಜಂಟ್ ಮತ್ತು ಜುಡಿತ್ ಡುಕನ್ ನಾಲ್ಕು ಮಕ್ಕಳ ವಿಡಿಯೋ ಮಾಡಿ, ಮಗು ಪ್ರತಿಸಲ ಮರುನುಡಿಯುವಾಗ ಎತ್ತ ನೋಡುತ್ತದೆ, ಕೈ ಏನು ಮಾಡುತ್ತದೆ, ದನಿ ಹೇಗೆ ಏರುತ್ತದೆ ಎಂದು ಗಮನಿಸಿದರು. ಆ ಮರುನುಡಿಯಿಂದ ಏಳು ಬಗೆಯ ಕೆಲಸ ಆಗುತ್ತಿತ್ತು. ಮಗು ಹೌದೆನ್ನಲು, ಬೇಡಲು, ತನ್ನ ಸರದಿ ಉಳಿಸಿಕೊಳ್ಳಲು, ತನ್ನನ್ನು ತಾನೇ ಹಿಡಿತದಲ್ಲಿಡಲು ಅದನ್ನು ಬಳಸುತ್ತಿತ್ತು. ಕನ್ನಡದ ಮನೆಯಲ್ಲೂ ಇದು ನಿತ್ಯ ಕಾಣುತ್ತದೆ. ಬಾಯಾರಿದ ಮಗು ಫ್ರಿಜ್ಜಿನ ಮುಂದೆ ನಿಂತು "ನೀರು ಕುಡೀತೀಯಾ?" ಎನ್ನುತ್ತದೆ. ನೀರು ಬರುವ ಮೊದಲು ಆ ಮಗು ಕೇಳಿಸಿಕೊಂಡ ಮಾತು ಯಾವಾಗಲೂ ಅದೇ ಆಗಿತ್ತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಎರಡು ವರ್ಷದ ಆಸುಪಾಸಿನಲ್ಲಿ ಎಲ್ಲ ಮಕ್ಕಳೂ ಕೇಳಿದ್ದನ್ನು ಮರುನುಡಿಯುತ್ತವೆ. ಸ್ವಂತ ಮಾತು ಕಟ್ಟುತ್ತ ಹೋದಂತೆ, ಮೂರರ ಹೊತ್ತಿಗೆ, ಅದು ಕಡಿಮೆಯಾಗುತ್ತದೆ. ಕಡಿಮೆಯಾಗದಿದ್ದರೆ, ಎರಡು ವರ್ಷಕ್ಕೂ ಎರಡು ಪದ ಸೇರಿಸಿ ತಾನಾಗಿ ಮಾತಾಡದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ ತಡ ಮಾಡಬಾರದು. ಬಂದಿದ್ದ ಮಾತು ಯಾವ ವಯಸ್ಸಿನಲ್ಲಿ ಹೋದರೂ ಅಂದೇ ತೋರಿಸಬೇಕು.

ಗಚ್ಚಿಬೌಲಿಗೆ ಈ ಚರಿತ್ರೆ ಬಂದದ್ದು ತಡವಾಗಿ, ಆದರೆ ಬಹಳ ವೇಗವಾಗಿ. 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ವಿಶ್ವವಿದ್ಯಾಲಯ ಇಲ್ಲಿಗೆ ಬಂದಾಗ ಸುತ್ತ ಇದ್ದದ್ದು ಬಂಡೆಗುಡ್ಡ, ಕುರುಚಲು ಕಾಡು. 1998ರಲ್ಲಿ ಪಕ್ಕದ ಮಾದಾಪುರದಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾಯಿತು. ಅಲ್ಲಿಂದ ಮುಂದೆ ನಾನಕ್‌ರಾಮ್‌ಗುಡದವರೆಗೆ ಬಂಡೆ ಒಡೆದು ಕಟ್ಟಡ ಎದ್ದವು, ಅವುಗಳ ಹಿಂದೆಯೇ ಥೆರಪಿ ಸೆಂಟರುಗಳೂ ಬಂದವು. ಬೀದರ್, ಕಲಬುರಗಿ, ರಾಯಚೂರು ಸೀಮೆ 1956ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿತ್ತು. ಹಾಗಾಗಿ ನಗರದ ಕಾಚಿಗುಡದ ನೃಪತುಂಗ ಶಾಲೆಯ ಸುತ್ತ ಕನ್ನಡದ ಹಳೆಯ ಸಂಸಾರಗಳಿದ್ದವು. ಹೊಸದಾಗಿ ಬಂದವರು ಇಲ್ಲಿಯ ಗೋಪುರಗಳಲ್ಲಿ ಚದುರಿದರು. ಮಗುವಿಗೆ ಅಜ್ಜಿಯಿಂದ ಕನ್ನಡ, ಕೆಲಸದಾಕೆಯಿಂದ ತೆಲುಗು, ಗೇಟಿನ ಕಾವಲುಗಾರನಿಂದ ಹಿಂದಿ, ಪರದೆಯಿಂದ ಇಂಗ್ಲಿಷು. 2020ರ ಲಾಕ್‌ಡೌನಿನಲ್ಲಿ ಅದರಲ್ಲೂ ಪರದೆಯೊಂದೇ ಹೆಚ್ಚು ಹೊತ್ತು ಉಳಿಯಿತು.

ಇಂಥ ಮನೆಗಳಿಗೆ ಸಲಹೆಯೊಂದು ಬಾಯಿಂದ ಬಾಯಿಗೆ ಹಬ್ಬಿತು: ಮಗುವಿಗೆ ಗೊಂದಲವಾಗುತ್ತದೆ, ಒಂದೇ ಭಾಷೆ ಇರಲಿ. ಆ ಒಂದು ಭಾಷೆ ಯಾವಾಗಲೂ ಇಂಗ್ಲಿಷೇ. ಹಲವು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ, ಆಟಿಸಂ ಇರುವ ಮಕ್ಕಳಿಗೂ ಅದರಿಂದ ಕೇಡಿಲ್ಲ ಎಂದು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಆದರೂ ಆ ಸಲಹೆ ಸಾಯುತ್ತಿಲ್ಲ. ಅದನ್ನು ಪಾಲಿಸಿದ ಮನೆಯಲ್ಲಿ ಮೊದಲು ಸುಮ್ಮನಾಗುವವರು ಅಜ್ಜಿ.

ಕಲಬುರಗಿ ಮೂಲದ ಒಂದು ಸಂಸಾರದ ಹುಡುಗ ಬಿಸ್ಕೀಟು ಮುಗಿದರೆ, ಕಾರ್ಟೂನು ನಿಂತರೆ, ಅಪ್ಪ ಆಫೀಸಿಗೆ ಹೊರಟರೆ "ಕರೆಂಟ್ ಹೋತಲ್ಲಪ್ಪೋ" ಎನ್ನುತ್ತಿದ್ದ. ಅರ್ಥವಿಲ್ಲದ ಮಾತು ಎಂದು ಅಪ್ಪ ಅಮ್ಮ ಬರೆಸಿದ್ದರು. ಅವರಿರುವ ಅಪಾರ್ಟ್‌ಮೆಂಟಿನಲ್ಲಿ ಜನರೇಟರು ಇರುವುದರಿಂದ ಕರೆಂಟು ಹೋದದ್ದೇ ಗೊತ್ತಾಗುವುದಿಲ್ಲ. ಕೋಣೆಯ ಮೂಲೆಯಲ್ಲಿ ಕೂತಿದ್ದ ಅಜ್ಜಿಯನ್ನು ಕೇಳಿದೆ. "ಹೋದ ಬ್ಯಾಸಿಗ್ಯಾಗ ಊರಿಗೆ ಬಂದಿದ್ದ್ರಲ್ಲಮ್ಮಾ, ಫ್ಯಾನ್ ನಿಂತು ಕತ್ತಲಾಗಿ ಅಂಜಿಬಿಟ್ಟ. ಎತ್ತಿಕೊಂಡು ನಾನೇ ಹಂಗಂದಿದ್ದೆ" ಎಂದರು. ಇದ್ದದ್ದು ಇಲ್ಲವಾಯಿತು ಎನ್ನಲು ಆ ಹುಡುಗನ ಬಳಿ ಇದ್ದ ಮಾತು ಅದೊಂದೇ. ಅಂದಿನಿಂದ ಅವನು ಹಾಗೆಂದಾಗಲೆಲ್ಲ ಅಜ್ಜಿ "ಹೌದಪ್ಪಾ, ಬಿಸ್ಕೀಟ್ ಹೋತು", "ಅಪ್ಪ ಹೋದ" ಎಂದು ತುಂಡು ಮಾಡಿ ಹೇಳತೊಡಗಿದರು. ಕೆಲವು ತಿಂಗಳ ಮೇಲೆ "ಹಾಲ್ ಹೋತು" ಎಂದ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ, ಬೌದ್ಧಿಕ ಅಂಗವೈಕಲ್ಯವುಳ್ಳವರಿಗಾಗಿ 1984ರಲ್ಲಿ ಆರಂಭವಾದ ರಾಷ್ಟ್ರೀಯ ಸಂಸ್ಥೆ ಇದೆ. ಆಟಿಸಂ ಅಳೆಯುವ ಭಾರತದ್ದೇ ಆದ ಮಾಪನ, ಐಸಾ, ತಯಾರಾದದ್ದು ಅಲ್ಲಿ, 2009ರಲ್ಲಿ. ಅದರ 40 ಪ್ರಶ್ನೆಗಳಲ್ಲಿ ಮಗು ಮರುನುಡಿಯುತ್ತದೆಯೇ ಎಂಬುದೂ ಒಂದು. ಎಷ್ಟು ಸಲ ಎಂಬುದರ ಮೇಲೆ ಒಂದರಿಂದ ಐದು ಅಂಕ. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಆ ಅಂಕ ಬೇಕು, ತುಂಬುತ್ತೇನೆ. ಆ ಮಾತು ಎಲ್ಲಿ, ಯಾರ ಬಾಯಲ್ಲಿ ಕೇಳಿದ್ದು ಎಂದು ಬರೆಯಲು ಅದರಲ್ಲಿ ಜಾಗವಿಲ್ಲ. ಅದನ್ನು ಅಜ್ಜಿಯನ್ನೋ ಅಮ್ಮನನ್ನೋ ಕೇಳಿ ಹಾಳೆಯ ಹಿಂಬದಿಯಲ್ಲಿ ಬರೆದಿಡುತ್ತೇನೆ. ಚಿಕಿತ್ಸೆ ಶುರು ಮಾಡುವುದು ಆ ಬದಿಯಿಂದ.